ಹನ್ನೆರಡನೆಯ ಹಾಸಿಗೆ

ಮೊದಲ ಭೇಟಿಯಲ್ಲೇ ನಾನು ಅವರನ್ನು ಬೈದೆ.

ಬೆಳಿಗ್ಗೆ ಹತ್ತು ಗಂಟೆ. ಕೆರೆ ದಂಡೆಯ ಹಳೆಯ ಮರದ ಡಿಪೋವನ್ನು ಯಾರೋ ಬಡಗಿ ವಿಶ್ರಾಂತಿ ಮನೆಯಾಗಿ ಮಾಡಿದ್ದಾರೆ ಅಂತ ಕೇಳಿ ಜಾಗ ನೋಡಲು ಹೋಗಿದ್ದೆ. ವರಾಂಡದ ಉದ್ದನೆಯ ಬೆಂಚಿನ ಮೇಲೆ ನಲವತ್ತರ ಆಸುಪಾಸಿನ ಗಂಡಸೊಬ್ಬ ಗಾಢ ನಿದ್ದೆಯಲ್ಲಿದ್ದ. ಕೂದಲ ತುಂಬ ಮರದ ಹೊಟ್ಟು. ಕೆಲಸದ ಹೊತ್ತಿನಲ್ಲಿ ಮಲಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

"ರೀ, ಏಳ್ರೀ! ಯಜಮಾನರು ಬಂದ್ರೆ ಏನಂದ್ಕೋತಾರೆ?"

ಅವರು ಒಂದೇ ಒಂದು ಕಣ್ಣು ತೆರೆದರು. "ಕೆಲಸಾನೇ ಮಾಡ್ತಿದ್ದೆ, ಮೇಡಂ. ಈ ಬೆಂಚಲ್ಲಿ ನಿದ್ದೆ ಬರುತ್ತಾ ಅಂತ ನೋಡ್ತಿದ್ದೆ. ಬರುತ್ತೆ."

"ಯಜಮಾನರೆಲ್ಲಿ?"

"ಈಗಷ್ಟೇ ಎಬ್ಬಿಸಿದ್ರಲ್ಲ."

ನನ್ನ ಮುಖ ಕೆಂಪಾಗಿದ್ದು ನನಗೇ ಗೊತ್ತಾಯಿತು. ಅದನ್ನು ನೋಡಿ ಅವರು ಎರಡನೆಯ ಕಣ್ಣನ್ನೂ ತೆರೆದರು.

ನಾನು ಆಸ್ಪತ್ರೆಯೊಂದರಲ್ಲಿ ಹೆಡ್ ನರ್ಸ್. ವಾರ್ಡಿನ ಹುಡುಗಿಯರು ಬೆನ್ನ ಹಿಂದೆ ನನ್ನನ್ನು 'ಗಡಿಯಾರ' ಅನ್ನುತ್ತಾರೆ. ಕೇಳಿಸಿದರೂ ಕೇಳಿಸದವಳಂತೆ ಇರುತ್ತೇನೆ. ಮುಂದಿನ ತಿಂಗಳು ವಾರ್ಡಿಗೆ ಪೇಂಟ್ ಹೊಡೆಯುವುದಿತ್ತು. ರೋಗಿಗಳು ಪಕ್ಕದ ವಾರ್ಡಿಗೆ, ನರ್ಸುಗಳಿಗೆ ಮೂರು ದಿನ ರಜೆ. ವರ್ಷವೆಲ್ಲ ನಿಂತೇ ದುಡಿದ ಹುಡುಗಿಯರು, ಮೂರು ದಿನ ಎಲ್ಲಾದರೂ ಕರೆದುಕೊಂಡು ಹೋಗಿ ಸುಧಾರಿಸಿಕೊಳ್ಳಲು ಬಿಡೋಣ ಅಂತ ನಾನೇ ಮುಂದೆ ಬಿದ್ದು ಹೊರಡಿಸಿದ್ದೆ.

ಬ್ಯಾಗಿನಿಂದ ವೇಳಾಪಟ್ಟಿ ತೆಗೆದು ಬಡಗಿಯ ಕೈಗಿಟ್ಟೆ. ಅವರು ಗಟ್ಟಿಯಾಗಿ ಓದಿದರು.

"ಐದೂವರೆಗೆ ಏಳುವುದು. ಐದೂಮುಕ್ಕಾಲಿಗೆ ವ್ಯಾಯಾಮ. ಆರೂಕಾಲಿಗೆ ಉಸಿರಾಟ." ತಲೆ ಎತ್ತಿದರು. "ಅಲ್ಲೀವರೆಗೂ ಯಾರೂ ಉಸಿರಾಡೋ ಹಾಗಿಲ್ವಾ?"

"ಅದು ಉಸಿರಾಟದ ಅಭ್ಯಾಸ."

"ಹತ್ತೂವರೆಯಿಂದ ಹತ್ತೂಮುಕ್ಕಾಲು, ನೆಮ್ಮದಿ. ಹದಿನೈದೇ ನಿಮಿಷಾನಾ, ಮೇಡಂ? ಒಂದರ್ಧ ಗಂಟೆ ಮಾಡಿದ್ರೆ ಆಸ್ಪತ್ರೆ ಬಿದ್ದೋಗುತ್ತಾ?"

ನಗು ಬಂತು. ತುಟಿ ಕಚ್ಚಿ ತಡೆದುಕೊಂಡು ಕೆರೆಯ ಕಡೆ ನೋಡಿದೆ. ಅವರು ಕೆರೆಯನ್ನು ನೋಡಲಿಲ್ಲ.

ಅಂದಿನಿಂದ ದಿನಾ ಸಂಜೆ ಏಳಕ್ಕೆ ಫೋನು. ದಿನಕ್ಕೊಂದು ಸಾಲು ಹೊಡೆದು ಹಾಕುವುದು ಅವರ ಕೆಲಸ, ಅದನ್ನು ಉಳಿಸಿಕೊಳ್ಳಲು ಹೋರಾಡುವುದು ನನ್ನ ಕೆಲಸ.

"ಇವತ್ತು ಮಧ್ಯಾಹ್ನದ ಉಪನ್ಯಾಸ ತೆಗೀತಿದೀನಿ, ಮೇಡಂ. ಊಟ ಆದ್ಮೇಲೆ ಉಪನ್ಯಾಸ ಇಟ್ರೆ ಹೇಗೂ ಮಲಗ್ತಾರೆ. ನೆಟ್ಟಗೆ ಹಾಸಿಗೆ ಮೇಲೇ ಮಲಗ್ಲಿ ಬಿಡಿ."

ಇನ್ನೊಂದು ದಿನ, "ನಿಮ್ಮೋರಿಗೆ ಎಲ್ಲಿ ನೋವು?" ಅಂತ ಕೇಳಿದರು. ಇಷ್ಟು ವರ್ಷದಲ್ಲಿ ನರ್ಸುಗಳಿಗೆ ಎಲ್ಲಿ ನೋವು ಅಂತ ಯಾರೂ ಕೇಳಿರಲಿಲ್ಲ.

"ಕಾಲು," ಅಂದೆ. "ಹನ್ನೆರಡು ಗಂಟೆ ನಿಂತೇ ಇರ್ತೀವಲ್ಲ."

ಮರುದಿನವೇ ಕಾಲು ಅದ್ದಲು ಮರದ ಟಬ್ಬು ಮಾಡಲು ಶುರುಮಾಡಿದರು. ಫೋನಿನಲ್ಲಿ ಉಳಿಯ ಸದ್ದು ಕೇಳುತ್ತಿತ್ತು.

"ಅಕ್ಕ, ನೀನು ನಗ್ತಾ ಇದೀಯ," ಅಂದಳು ತಂಗಿ. ನಾವಿಬ್ಬರೇ ಮನೆಯಲ್ಲಿ.

"ಕೆಲಸದ ಮಾತು ಕಣೆ."

"ಹೂಂ. ಏಳು ಗಂಟೆಗೆ ಮುಂಚೆ ತಲೆ ಬಾಚ್ಕೊಂಡು ಆಡೋ ಕೆಲಸದ ಮಾತು."

ಇನ್ನೊಂದನ್ನೂ ಗಮನಿಸಿದ್ದೆ. ನರ್ಸು ಅಂದ ಕೂಡಲೇ ಊರೆಲ್ಲ ನನ್ನನ್ನು ಸಿಸ್ಟರ್ ಅನ್ನುತ್ತದೆ. ಅವರು ಒಮ್ಮೆಯೂ ಅನ್ನಲಿಲ್ಲ. ಯಾಕೆ ಅಂತ ಕೇಳಲು ಧೈರ್ಯ ಬರಲಿಲ್ಲ.

ಹೊರಡಲು ಒಂದು ವಾರವಿದ್ದಾಗ ಕೊನೆಯ ಸಲ ಜಾಗ ನೋಡಲು ಹೋದೆ. ಮಂಚ ಸಿದ್ಧ, ಹಾಸಿಗೆ ಸಿದ್ಧ, ಹನ್ನೊಂದು ಟಬ್ಬು ಗೋಡೆಗೆ ಒರಗಿ ಸಾಲಾಗಿ ನಿಂತಿದ್ದವು. ಬಡಗಿ ನಾನು ಕೊಟ್ಟಿದ್ದ ಹೆಸರುಗಳ ಪಟ್ಟಿ ಹಿಡಿದು ಕೋಣೆ ಕೋಣೆಗೆ ಹೆಸರಿನ ಚೀಟಿ ಅಂಟಿಸುತ್ತಿದ್ದರು. ಕೊನೆಯ ಬಾಗಿಲಿನ ಮುಂದೆ ನಿಂತುಬಿಟ್ಟರು.

"ಮೇಡಂ, ಹನ್ನೊಂದು ಹೆಸರು, ಹನ್ನೊಂದು ಮಂಚ. ನೀವೆಲ್ಲಿ ಮಲಗ್ತೀರಿ?"

ಪಟ್ಟಿಯನ್ನು ಕಿತ್ತುಕೊಂಡು ನೋಡಿದೆ. ಅದನ್ನು ವಾರ್ಡಿನ ಡ್ಯೂಟಿ ಪಟ್ಟಿಯಿಂದ ನಕಲು ಮಾಡಿದ್ದೆ. ಆ ಪಟ್ಟಿ ಬರೆಯುವವಳು ನಾನು. ಬರೆಯುವವಳ ಹೆಸರು ಅದರಲ್ಲಿ ಇರುವುದಿಲ್ಲ. ನನ್ನನ್ನೇ ಮರೆತು ಮೂರು ವಾರ ತಯಾರಿ ಮಾಡಿದ್ದೆ. ಮೊದಲು ನಾಚಿಕೆಯಾಯಿತು. ಅದರ ಹಿಂದೆಯೇ, ಸುಳ್ಳು ಯಾಕೆ ಹೇಳಲಿ, ಬದುಕಿದೆಯಾ ಬಡಜೀವವೇ ಅನ್ನಿಸಿತು.

"ಒಳ್ಳೇದೇ ಆಯ್ತು," ಅಂದೆ. "ನಾನು ಬರಲ್ಲ. ಪೇಂಟ್ ಹೊಡೆಯೋರ ಮೇಲೆ ಒಂದು ಕಣ್ಣಿಡಬೇಕು."

"ಗೋಡೆಗೇನು ಜ್ವರ ಬಂದಿದ್ಯಾ, ನೀವು ಪಕ್ಕದಲ್ಲಿ ಕೂರೋಕೆ?"

ಅವರ ದನಿಯಲ್ಲಿ ಮೊದಲ ಸಲ ತಮಾಷೆ ಇರಲಿಲ್ಲ. ನನಗೂ ಸಿಟ್ಟು ಬಂತು. ಸಿಟ್ಟಿನಲ್ಲೇ, ಯಾರಿಗೂ ಹೇಳದ್ದು ಬಾಯಿಂದ ಬಿದ್ದುಹೋಯಿತು.

"ನನಗೆ ಸುಮ್ನೆ ಕೂರೋಕೆ ಭಯ ರೀ! ಆರು ವರ್ಷ ಅಮ್ಮನ್ನ ಹಾಸಿಗೆ ಮೇಲೆ ನೋಡ್ಕೊಂಡೆ. ಅವಳು ಹೋಗಿ ಐದನೇ ದಿನಕ್ಕೆ ಡ್ಯೂಟಿಗೆ ಹೋದೆ. ಮೂರು ವರ್ಷ ಆಯ್ತು, ಒಂದು ದಿನ ರಜೆ ಹಾಕಿಲ್ಲ. ಸುಮ್ನೆ ಕೂತ್ರೆ ಅವಳ ಕೆಮ್ಮು ಕೇಳಿಸುತ್ತೆ. ಅತ್ರೆ ನಿಲ್ಸೋಕಾಗಲ್ಲ ಅನ್ಸುತ್ತೆ. ಸಾಕಾ?"

ಅವರು ಸಮಾಧಾನ ಹೇಳಲಿಲ್ಲ. ಕೈಯಲ್ಲಿದ್ದ ಖಾಲಿ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ನಾನು ತಿರುಗಿ ನೋಡದೆ ಬಂದುಬಿಟ್ಟೆ.

ಆಮೇಲೆ ಆರು ದಿನ ಸಂಜೆ ಫೋನು ಬರಲಿಲ್ಲ. ನಾನೂ ಮಾಡಲಿಲ್ಲ. ಏಳು ಗಂಟೆಗೆ ತಲೆ ಬಾಚಿಕೊಂಡು, ಫೋನನ್ನು ತೊಡೆಯ ಮೇಲಿಟ್ಟುಕೊಂಡು, ಮಡಚಿಟ್ಟ ಬಟ್ಟೆಗಳನ್ನೇ ಮತ್ತೆ ಮಡಚುತ್ತಿದ್ದೆ. ತಂಗಿ ನೋಡಿದಳು, ಏನೂ ಕೇಳಲಿಲ್ಲ. ಅವಳು ಕೀಟಲೆ ಮಾಡದಿದ್ದದ್ದಕ್ಕೇ ಹೆಚ್ಚು ನೋವಾಯಿತು.

ಹೊರಡುವ ದಿನ ಹುಡುಗಿಯರನ್ನು ಬಿಟ್ಟು ಅದೇ ಬಸ್ಸಿನಲ್ಲಿ ವಾಪಸು ಬರುವುದೆಂದು ಬರಿಗೈಯಲ್ಲಿ ಹೋದೆ. ಹುಡುಗಿಯರು ಕಿಲಕಿಲ ನಗುತ್ತ ತಮ್ಮ ತಮ್ಮ ಹೆಸರು ಹುಡುಕಿಕೊಂಡು ಒಳಗೆ ಓಡಿದರು. ನಾನು ವರಾಂಡದಲ್ಲಿ ನಿಂತೆ. ಗೋಡೆಯ ಮೇಲಿದ್ದ ಗಡಿಯಾರ ಕಾಣಲಿಲ್ಲ.

"ಗಡಿಯಾರ ಎಲ್ಲಿ?"

"ತೆಗೆದಿಟ್ಟೆ," ಅಂದರು ಬಡಗಿ ಹಿಂದಿನಿಂದ. "ಒಂದು ಮನೆಗೆ ಒಂದು ಗಡಿಯಾರ ಸಾಕು."

ಯಾವಳೋ ನನ್ನ ಅಡ್ಡಹೆಸರು ಬಾಯಿ ಬಿಟ್ಟಿದ್ದಾಳೆ! ತಿರುಗಿ ಬೈಯಬೇಕೆಂದವಳು ಸುಮ್ಮನಾದೆ. ಆ ಉದ್ದನೆಯ ಬೆಂಚು ಈಗ ಕೆರೆಗೆ ಮುಖ ಮಾಡಿ ಮೂಲೆಯಲ್ಲಿತ್ತು. ಅಗಲ ಮಾಡಿದ್ದರು, ತಲೆಯ ಕಡೆ ಹಲಗೆ ಕೂರಿಸಿದ್ದರು, ಮೇಲೆ ದಪ್ಪ ಹಾಸಿಗೆ. ಹಲಗೆಯ ಮೇಲೆ ಮಡಿಕೆ ಬಿದ್ದ ಚೀಟಿ. ಅದರಲ್ಲಿ ನನ್ನ ಹೆಸರು.

"ಇಲ್ಲಿ ನಿದ್ದೆ ಬರುತ್ತೆ ಅಂತ ಮೊದಲೇ ಪರೀಕ್ಷೆ ಆಗಿದೆ," ಅಂದರು. ಆಮೇಲೆ ಮೆಲ್ಲಗೆ, "ಹದಿನೈದು ನಿಮಿಷ ಕೂತ್ಕೊಳ್ಳಿ. ನಿಮ್ಮ ವೇಳಾಪಟ್ಟಿಯಲ್ಲೇ ಇದೆಯಲ್ಲ, ಹತ್ತೂವರೆಗೆ ನೆಮ್ಮದಿ. ಬಸ್ಸು ಕಾಯುತ್ತೆ. ಅಳು ಬಂದ್ರೆ ಅಳಿ, ನಾನು ಆಚೆ ತುದೀಲಿ ಇರ್ತೀನಿ."

ಕೂತೆ. ಅವರು ವರಾಂಡದ ಇನ್ನೊಂದು ತುದಿಯಲ್ಲಿ ಹನ್ನೆರಡನೆಯ ಟಬ್ಬಿನ ಅಂಚನ್ನು ನುಣುಪು ಮಾಡಲು ಉಪ್ಪುಕಾಗದ ತಿಕ್ಕುತ್ತ ಕೂತರು. ಎಣಿಸಿದಂತೆ ಅಮ್ಮನ ಕೆಮ್ಮು ಬಂತು. ಅದರ ಜೊತೆಗೆ ನಾನು ಮರೆತೇ ಬಿಟ್ಟಿದ್ದ ಅವಳ ನಗುವೂ ಬಂತು. ಅತ್ತೆ. ಮೂರು ವರ್ಷದ್ದೆಲ್ಲ ಅತ್ತೆ. ಉಪ್ಪುಕಾಗದದ ಸದ್ದು ಒಂದೇ ಸಮನೆ ನಡೆದಿತ್ತು, ಹೆಚ್ಚಾಗಲಿಲ್ಲ, ನಿಲ್ಲಲಿಲ್ಲ. ಅಳು ತಾನಾಗಿಯೇ ಮುಗಿಯಿತು. ತಲೆಯನ್ನು ಸ್ವಲ್ಪ ಹೊತ್ತು ಹಾಸಿಗೆಗೆ ಆನಿಸೋಣ ಅಂದುಕೊಂಡೆ.

ಕಣ್ಣು ಬಿಟ್ಟಾಗ ಬಿಸಿಲು ಕೆರೆಯ ಆಚೆ ದಡಕ್ಕೆ ಹೋಗಿತ್ತು. ಮೈಮೇಲೆ ಹೊದಿಕೆ ಇತ್ತು. ಅಂಗಳದಲ್ಲಿ ಹನ್ನೊಂದು ಹುಡುಗಿಯರು ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಪಿಸುಮಾತಿನಲ್ಲಿ ಹರಟುತ್ತಿದ್ದರು.

"ಬಸ್ಸು?" ಅಂತ ಗಾಬರಿಯಾಗಿ ಎದ್ದೆ.

"ನಿಮ್ಮ ಹದಿನೈದು ನಿಮಿಷ ಮುಗೀಲಿ ಅಂತ ಕಾದು ಕಾದು ಹೋಯ್ತು."

"ಎಬ್ಬಿಸೋದಲ್ವಾ?"

"ಮಲಗಿದೋರನ್ನ ಎಬ್ಬಿಸೋಕೆ ನಿಮ್ಮಷ್ಟು ಧೈರ್ಯ ನಂಗಿಲ್ಲ."

ನಕ್ಕೆ. ಆ ನಗುವಿನ ಬೆನ್ನಲ್ಲೇ, ಇಷ್ಟು ದಿನ ಕೇಳಲಾಗದ್ದನ್ನು ಕೇಳಿಯೂ ಬಿಟ್ಟೆ. "ಎಲ್ಲರೂ ಸಿಸ್ಟರ್ ಅಂತಾರೆ. ನೀವ್ಯಾಕೆ ಅನ್ನಲ್ಲ?"

ಅವರ ಕೈ ಟಬ್ಬಿನ ಅಂಚಿನಲ್ಲಿ ನಿಂತಿತು. ಕಿವಿಯ ತುದಿ ಕೆಂಪಾಯಿತು. "ಮೊದಲನೇ ದಿನ ಬಾಯಿಗೆ ಬರ್ಲಿಲ್ಲ. ಆಮೇಲೆ ಯಾಕೆ ಬರ್ಲಿಲ್ಲ ಅಂತ ಗೊತ್ತಾಯ್ತು. ನೀವು ಬೈದ್ರಲ್ಲ, ಆವತ್ತಿನಿಂದ ಆ ಬೆಂಚಲ್ಲಿ ನಂಗೆ ನಿದ್ದೆ ಬಂದಿಲ್ಲ."

ನಾನು ಹೊದಿಕೆಯನ್ನು ಮಡಚತೊಡಗಿದೆ. ಪಟ್ಟಿ ಬರೆಯುವುದು ಬರುತ್ತದೆ, ಇಂಥದ್ದಕ್ಕೆ ತಟ್ಟನೆ ಉತ್ತರ ಕೊಡುವುದು ಬರುವುದಿಲ್ಲ.

ಮೂರನೆಯ ದಿನ ಸಂಜೆ ಬಸ್ಸು ಬಂತು. ಹುಡುಗಿಯರು ಹತ್ತಿದರು, ಕಿಟಕಿಗಳ ತುಂಬ ಹನ್ನೊಂದು ಜೊತೆ ಕಣ್ಣು. ನಾನು ಬಡಗಿಯ ಕೈಗೆ ಒಂದು ಕಾಗದ ಕೊಟ್ಟೆ. ಆ ಬೆಂಚಿನ ಮೇಲೇ ಕೂತು ಬರೆದ ಮುಂದಿನ ತಿಂಗಳ ಡ್ಯೂಟಿ ಪಟ್ಟಿ. ಅವರು ಹನ್ನೊಂದು ಹೆಸರುಗಳ ಮೇಲೆ ಬೆರಳಾಡಿಸಿ ಕೊನೆಗೆ ಬಂದರು. ಅಲ್ಲಿ ಹನ್ನೆರಡನೆಯದಾಗಿ ನನ್ನ ಹೆಸರಿತ್ತು. ಅದರ ಮುಂದೆ, ಪ್ರತಿ ಭಾನುವಾರ ರಜೆ.

ಅವರು ಎರಡು ಸಲ ಓದಿದರು. ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು.

"ಭಾನುವಾರ ಎಷ್ಟು ಗಂಟೆಗೆ ಬರ್ತೀರಿ?"

"ಗಂಟೆ ಬರ್ದಿಲ್ಲ," ಅಂದೆ.