ಆವರಣದೊಳಗಿನ ಆರು

ಆ ಹೆಂಗಸು ನಮ್ಮ ಬಾಗಿಲಿಗೆ ಬಂದಾಗ ಅವಳ ಕೈ ಮೊಣಕೈವರೆಗೂ ನೀಲಿಯಾಗಿತ್ತು. ಬಣ್ಣದ ಕಾರ್ಖಾನೆಯಲ್ಲಿ ನೀಲಿ ಬೆರೆಸುವವಳು.

"ಯಜಮಾನರ ನೀರಿಗೆ ನಾನು ವಿಷ ಹಾಕಿದೆ ಅಂತಾರೆ ಅಕ್ಕ. ಸಂಜೆಯೊಳಗೆ ಒಪ್ಕೊಳ್ಳದಿದ್ರೆ ಪೊಲೀಸರಿಗೆ ಕೊಡ್ತಾರಂತೆ."

ನಮ್ಮಕ್ಕ ರಸಾಯನಶಾಸ್ತ್ರದ ಟೀಚರಾಗಿ ನಿವೃತ್ತಳಾದವಳು. ಊರಿನವರು ಬಿಡಿಸಲಾರದ ಗಂಟುಗಳೆಲ್ಲ ಅವಳ ಮಡಿಲಿಗೇ ಬಂದು ಬೀಳುತ್ತಿದ್ದವು. ನಾನು ಜೊತೆಗೆ ಹೋಗಿ ಕೇಳಿಸಿಕೊಳ್ಳುವವನು. ಅಜ್ಜಿ ರಾಗವಾಗಿ ಓದುತ್ತಿದ್ದ ಕಾವ್ಯದ ಮುಂದೆ ಕೈಮುಗಿದು ಕೂತು ಬೆಳೆದವನಿಗೆ ಕೇಳುವುದೇ ಕಸುಬಾಗಿಬಿಟ್ಟಿತ್ತು.

ನಾವು ಕಾರ್ಖಾನೆಗೆ ಹೋದಾಗ ಯಜಮಾನರ ಮೇಜಿನ ಮೇಲೆ ಸ್ಟೀಲ್ ಜಗ್ಗು, ಸ್ಟೀಲ್ ಲೋಟ ಇನ್ನೂ ಹಾಗೇ ಇದ್ದವು.

"ಲೋಟ ಬಾಯಿಗಿಟ್ಟಿದ್ದೆ ಅಷ್ಟೆ," ಎಂದರು ಯಜಮಾನರು. "ನಮ್ಮಳಿಯ ಬಾಗಿಲಲ್ಲೇ ನಿಂತು, 'ಮಾವ, ಕುಡೀಬೇಡಿ, ಸಯನೈಡು' ಅಂತ ಕೂಗಿದ. ಇವನಿಲ್ದಿದ್ರೆ ಇಷ್ಟೊತ್ತಿಗೆ ಗೋಡೆ ಮೇಲಿನ ಫೋಟೋ ಆಗಿರ್ತಿದ್ದೆ. ಹುಡುಕಿದ್ರೆ ಈಕೆ ಚೀಲದಲ್ಲಿ ಹರಳಿನ ಪೊಟ್ಟಣ."

ಅಳಿಯನೆಂದರೆ ತಂಗಿಯ ಮಗ. ಸಾಮಾನು ತರಿಸಿ ಇಳಿಸಿಕೊಳ್ಳುವ ಕಾಗದಪತ್ರವೆಲ್ಲ ಅವನದು.

"ನಿನಗೆ ಹೇಗೆ ಗೊತ್ತಾಯ್ತಪ್ಪ?" ಅಕ್ಕ ಕೇಳಿದಳು.

"ನೀರು ಹಳದಿಯಾಗಿತ್ತಲ್ಲ ಟೀಚರ್."

"ಬೆರೆಸೋ ಕೋಣೆಗೆ ಹೋಗ್ತಿರ್ತೀಯಾ?"

"ಕಾಲೇ ಇಡಲ್ಲ. ನಾನು ಹೆಸರು ಬರೆದು ತರಿಸ್ತೀನಿ, ಅಷ್ಟೆ. ಯಾವುದು ಕೆಂಪೋ, ಯಾವುದು ಹಸಿರೋ, ದೇವರಾಣೆ ಗೊತ್ತಿಲ್ಲ."

ಬೆರೆಸುವ ಕೋಣೆಯಲ್ಲಿ ಸಾಲಾಗಿ ಸೀಸೆಗಳು. ಪೊಟ್ಟಣದಲ್ಲಿದ್ದಂಥದೇ ಹಳದಿ ಹರಳಿನ ಸೀಸೆಯ ಚೀಟಿಯಲ್ಲಿ ಹೆಸರಿರಲಿಲ್ಲ, K₄[Fe(CN)₆] ಎಂದಷ್ಟೇ ಇತ್ತು. ಸೀಸೆ ತುಂಬುವ ಮುದುಕಪ್ಪನನ್ನು ಅಕ್ಕ ಇದೇನೆಂದು ಕೇಳಿದಳು.

"ಹಳದಿ ಹರಳು, ಇನ್ನೇನು? ಪೂರ್ತಿ ಹೆಸರು ಹೇಳೋಕೆ ಹೋದ್ರೆ ನನ್ನ ಉಳಿದ ಎರಡು ಹಲ್ಲೂ ಉದುರ್ತವೆ."

ಹೊತ್ತು ಇಳಿಯುವ ಮೊದಲೇ ಅಕ್ಕ ಎಲ್ಲರನ್ನೂ ಯಜಮಾನರ ಕೋಣೆಗೆ ಕರೆಸಿದಳು. ಅಲ್ಲಿ ಗೋಡೆಗಿದ್ದ ಕಪ್ಪು ಹಲಗೆಯ ಮೇಲೆ ಆ ಸೂತ್ರವನ್ನು ಬರೆದಳು.

"ಇದರ ಹೆಸರು ಪೊಟ್ಯಾಸಿಯಂ ಫೆರೋಸಯನೈಡ್. ಹೆಸರು ಕೇಳಿದ್ರೆ ಎದೆ ಧಸಕ್ ಅನ್ನುತ್ತೆ. ಆದ್ರೆ ಸೂತ್ರ ನೋಡಿ. ನಾಲ್ಕು ಪೊಟ್ಯಾಸಿಯಂ ಹೊರಗೆ. ಆವರಣದೊಳಗೆ ನಡುವೆ ಕಬ್ಬಿಣ, ಸುತ್ತ ಆರು ಸಯನೈಡು. ಕಬ್ಬಿಣ ಅವನ್ನ ಬಿಗಿಯಾಗಿ ಹಿಡ್ಕೊಂಡಿದೆ. ನೀರಿಗೆ ಹಾಕಿದ್ರೂ ಬಿಟ್ಟುಕೊಡಲ್ಲ. ತಿನ್ನೋ ವಸ್ತುವಲ್ಲ, ಆದ್ರೆ ಒಂದು ಚಿಟಿಕೆಗೆ ಆಳು ಸಾಯಲ್ಲ."

ಷಟ್ಪದಿಯ ಆರು ಸಾಲೂ ಒಂದೇ ಪ್ರಾಸಕ್ಕೆ ಕಟ್ಟುಬಿದ್ದಿರುವುದು ನನಗೆ ನೆನಪಾಯಿತು. ಬಿಡಿಬಿಡಿಯಾಗಿ ಇರುವ ಮಾತಿಗೂ ಕಟ್ಟಿನೊಳಗೆ ಸಿಕ್ಕ ಮಾತಿಗೂ ಗುಣವೇ ಬೇರೆ.

"ನೀಲಿ ಆಗೋದೇ ಇದರಿಂದ. ಈ ತಾಯಿಗೆ ಇದು ದಿನಾ ಕೈಯಾಡಿಸೋ ಸಾಮಾನು," ಅಕ್ಕ ಮುಂದುವರಿಸಿದಳು. "ಕೊಲ್ಲೋಕೆ ಹೊರಟಿದ್ರೆ ಇದನ್ನ ಮುಟ್ಟುತ್ತಿರಲಿಲ್ಲ. ವಿಷ ಅಂತ ಇದನ್ನ ಆರಿಸಿದವರು ಹೆಸರು ಓದಿದವರು, ಸೂತ್ರ ಓದಲು ಬರದವರು. ಸೀಸೆ ಮೇಲೆ ಹೆಸರಿಲ್ಲ. ಇಲ್ಲಿನವರ ಬಾಯಲ್ಲೂ ಇಲ್ಲ. ಹೆಸರಿರೋದು ತರಿಸೋ ಕಾಗದದಲ್ಲಿ ಮಾತ್ರ."

ಅಳಿಯ ಎದ್ದು ನಿಂತ. "ಹಳದಿ ಬಣ್ಣ ನೋಡಿ ಊಹಿಸಿದೆ ಅಂದೆನಲ್ಲ."

"ಯಾವುದಕ್ಕೆ ಯಾವ ಬಣ್ಣ ಅಂತ ಗೊತ್ತಿಲ್ಲ ಅಂತಾನೂ ಅಂದೆ. ಬಣ್ಣ ಗೊತ್ತಿತ್ತು ಅಂತಲೇ ಇಟ್ಕೊಳ್ಳೋಣ. ಬಾಗಿಲಲ್ಲಿ ನಿಂತವನಿಗೆ ಸ್ಟೀಲ್ ಲೋಟದೊಳಗಿನ ನೀರು ಕಂಡಿದ್ದು ಹೇಗಪ್ಪ?"

ಅವನು ಮೆಲ್ಲಗೆ ಕೂತ. "ಕುಡಿಯೋಕೆ ಬಿಡ್ತಿರಲಿಲ್ಲ ಮಾವ. ಮುಂದಿನ ತಿಂಗಳಿಂದ ಬೆರೆಸೋ ಕೋಣೆ, ಬಣ್ಣದ ಲೆಕ್ಕದ ಪುಸ್ತಕ ಎಲ್ಲ ನನ್ನ ಬಿಟ್ಟು ಇವಳ ಕೈಗೆ ಅಂದ್ರಿ. ಇವಳು ಹೋದ್ರೆ ಸಾಕಿತ್ತು."

"ಅದು ಕೊಲ್ಲಲ್ಲ ಅಂತ ನಿನಗೆ ಗೊತ್ತಿರಲಿಲ್ಲ," ಎಂದಳು ಅಕ್ಕ. "ನಿಜವಾದ ವಿಷ ಅಂತ ನಂಬಿಯೇ ಮಾವನ ತುಟಿವರೆಗೂ ಹೋಗೋಕೆ ಬಿಟ್ಟೆ."

ಯಜಮಾನರು ಅಳಿಯನತ್ತ ತಿರುಗಿಯೂ ನೋಡದೆ, "ನೀನು ಮನೆಗೆ ನಡಿ, ನಿಮ್ಮಮ್ಮನ ಎದುರಲ್ಲೇ ಮಾತಾಡೋಣ," ಎಂದರು. ಆಮೇಲೆ ಆಕೆಗೆ, "ನಾಳೆ ಎಂದಿನಂತೆ ಬಾ ತಾಯಿ."

"ನಾಳೆ ಬರಲ್ಲ," ಎಂದಳು ಆಕೆ, ದನಿ ಏರಿಸದೆ. "ಬೆಳಿಗ್ಗೆ ನಿಮ್ಮೆದುರೇ ನಿಂತಿದ್ದೆ. ಒಪ್ಕೋ ಅಂದ್ರಿ. ಏನಾಯ್ತಮ್ಮ ಅಂತ ಒಂದು ಮಾತು ಕೇಳಲಿಲ್ಲ. ನಾಡಿದ್ದು ಬರ್ತೀನಿ."

"ಆಗಲಿ," ಎಂದ ಯಜಮಾನರು ತಾವೇ ಎದ್ದು ಹೋಗಿ ಅವಳಿಗೆ ಬಾಗಿಲು ತೆರೆದು ನಿಂತರು.