ಐದನೆಯ ದಮ್ಮು

ಅಕ್ಕಿ ತೊಳೆದ ನೀರು ಕರಿಬೇವಿನ ಬುಡಕ್ಕೆ ಅರ್ಧ ಹೋಗಿತ್ತು, ಇನ್ನರ್ಧ ಪಾತ್ರೆಯಲ್ಲೇ ಇತ್ತು. ಅಷ್ಟರಲ್ಲಿ ಸುಭದ್ರೆಗೆ ಪರ್ತ್‌ನಿಂದ ಚಂದ್ರಮೌಳಿಯ ಫೋನು ಬಂತು. ಅವನು ಗಂಡ ರಮಾಕಾಂತನ ಹಳೆಯ ಸಹೋದ್ಯೋಗಿ, ಮಾತಿಗಿಂತ ಮೊದಲು ನಗುವ ಮನುಷ್ಯ.

“ಏನ್ ಅತ್ತಿಗೆ, ಮತ್ತೆ ನಮ್ಮೂರಿಗೇ ಬರ್ತಿದೀರಂತೆ! ಆಸ್ಪತ್ರೆಯವರು ನಿಮ್ಮೆಜಮಾನ್ರಿಗೋಸ್ಕರ ಕಾಯ್ತಾ ಕೂತಿದಾರೆ. ನನ್ನ ಹೆಂಡ್ತಿ ಆಗ್ಲೇ ನಿಮ್ಮ ಬಿಸಿಬೇಳೆಬಾತ್ ಜ್ಞಾಪಿಸ್ಕೊಂಡು ಚಪ್ಪರಿಸ್ತಿದಾಳೆ.”

“ನನಗೆ ಗೊತ್ತೇ ಇಲ್ವಲ್ಲ ಮೌಳಿ.”

ಆ ಕಡೆ ನಗು ನಿಂತಿತು. “ಅಯ್ಯೋ, ಹೇಳಿಲ್ವಾ? ಹಾಗಾದ್ರೆ ನಾನೂ ಹೇಳಿಲ್ಲ ಅಂದ್ಕೊಳಿ. ಇಡ್ತೀನಿ ಅತ್ತಿಗೆ.”

ಸುಭದ್ರೆ ಉಳಿದ ನೀರನ್ನೂ ಸುರಿದಳು. ಸಿಟ್ಟು ಬರಲಿಲ್ಲ. ಸಿಟ್ಟಿಗೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು. ಅಡಿಲೇಡಿನ ಮಾಸನ್ ಲೇಕ್ಸ್‌ನಲ್ಲಿ ಆರು ವರ್ಷ, ಪರ್ತ್‌ನಲ್ಲಿ ಒಂಬತ್ತು, ಈಗ ಬ್ರಿಸ್ಬೇನಿನ ಎಯ್ಟ್ ಮೈಲ್ ಪ್ಲೇನ್ಸ್‌ನಲ್ಲಿ ಏಳು. ಪ್ರತಿ ಸಲವೂ ನೇಮಕದ ಕಾಗದ ಕೈಗೆ ಬಂದ ಮೇಲೇ ರಮಾಕಾಂತ ಬಾಯಿ ಬಿಟ್ಟದ್ದು. ಆಗುವ ಕೆಲಸವನ್ನು ಆಗುವ ಮುಂಚೆ ಆಡಿದರೆ ಕೆಟ್ಟುಹೋಗುತ್ತದೆ ಎಂದು ಅವನ ತಾಯಿ ಕಲಿಸಿದ್ದರು. ಅದನ್ನವನು ದೊಡ್ಡ ಡಾಕ್ಟರಾದ ಮೇಲೂ ಜನಿವಾರದ ಹಾಗೆ ಇಟ್ಟುಕೊಂಡಿದ್ದ. ಅವಳೂ ಪ್ರತಿ ಸಲ “ನಿಮಗೆ ಸರಿ ಅನ್ಸಿದ್ರೆ ಸರಿ” ಎಂದು, ಪಾತ್ರೆ ಸುತ್ತಲು ಹಳೇ ಪೇಪರು ಹುಡುಕಲು ಎದ್ದಿದ್ದಳು. ಎರಡು ಊರಲ್ಲಿ ಎರಡು ಕರಿಬೇವಿನ ಗಿಡ ಬಿಟ್ಟು ಬಂದಾಗಿತ್ತು.

ಈ ಸಲ ಬಿಡಬೇಕಾದದ್ದು ಗಿಡವೊಂದೇ ಆಗಿರಲಿಲ್ಲ. ಐವತ್ತಾರನೆಯ ವಯಸ್ಸಿನಲ್ಲಿ ಸುಭದ್ರೆ ಪಕ್ಕದ ಬಡಾವಣೆ ಸನ್ನಿಬ್ಯಾಂಕಿನ ಕಾಲೇಜಿಗೆ ಬಸ್ಸು ಹತ್ತಿ ಹೋಗಿ, ಮೊಮ್ಮಕ್ಕಳಾಗಬಹುದಾದ ಹುಡುಗಿಯರ ಪಕ್ಕ ಕೂತು, ಮಕ್ಕಳ ಆರೈಕೆಯ ಸರ್ಟಿಫಿಕೇಟು ಪಡೆದಿದ್ದಳು. ಕಳೆದ ತಿಂಗಳು ಮನೆ ಹತ್ತಿರದ ಶಿಶುವಿಹಾರ ಅವಳನ್ನು ಖಾಯಂ ಮಾಡಿತ್ತು. ಎದೆಯ ಮೇಲೆ ಅವಳದೇ ಹೆಸರಿನ ಪಟ್ಟಿ. ನಾಲ್ಕು ವರ್ಷದ ಒಬ್ಬ ಚೀನೀ ಹುಡುಗ ‘ಮಿಸ್ ಸೂ’ ಬಂದ ಹೊರತು ಬೂಟು ಬಿಚ್ಚುವುದಿಲ್ಲ ಎಂದು ಹಟ ಮಾಡುತ್ತಿದ್ದ. ಇಪ್ಪತ್ತೆರಡು ವರ್ಷ ‘ಡಾಕ್ಟರ ಮಿಸೆಸ್ಸು’ ಆಗಿದ್ದವಳಿಗೆ ಆ ಬೂಟು ಬಲು ದೊಡ್ಡದು.

ಫ್ರಿಜ್ಜಿನ ಮೇಲಿನ ಕ್ಯಾಲೆಂಡರಿನಲ್ಲಿ ಗಂಡನ ಇರುವೆಸಾಲಿನ ಅಕ್ಷರ: ಗುರುವಾರ, ಇಂಟರ್‌ವ್ಯೂ, 8:30. ಎಲ್ಲಿಯದು ಎಂದು ಬರೆದಿರಲಿಲ್ಲ. ಬರೆಯುವ ಅಗತ್ಯವೇನು, ಚಂದ್ರಮೌಳಿ ಹೇಳಿಯಾಗಿತ್ತಲ್ಲ. ಇಲ್ಲಿಯ ಆಸ್ಪತ್ರೆಯ ಕರಾರು ಜೂನಿಗೆ ಮುಗಿಯುತ್ತಿತ್ತು, ನಿಜ. ಆದರೆ ಅದನ್ನು ವರ್ಷಾವರ್ಷ ಹೊಸದು ಮಾಡುತ್ತಲೇ ಬಂದಿದ್ದರು. ಪರ್ತ್ ಒಂದು ತಪ್ಪಿತೆಂದರೆ ಎಲ್ಲವೂ ಇದ್ದಲ್ಲೇ ಇರುತ್ತದೆ.

ಅಡಿಲೇಡಿನಲ್ಲೇ ಓದಿ ಅಲ್ಲೇ ಕೆಲಸ ಹಿಡಿದಿದ್ದ ಮಗಳು ಕವನಾಳಿಗೆ ಫೋನಿನಲ್ಲಿ ವಿಷಯ ಹೇಳಿದಳು.

“ಅಮ್ಮಾ, ಜಸ್ಟ್ ಟೆಲ್ ಹಿಮ್! ಐ ಡೋಂಟ್ ವಾಂಟ್ ಟು ಗೋ ಅಂತ. ದಟ್ಸ್ ಆಲ್.”

“ಹೇಳಿದ್ರೆ ಅವರು ಹೋಗಲ್ಲ ಕಣೇ. ಅದೇ ಕಷ್ಟ. ಆಮೇಲೆ ಸಾಯೋತನಕ ನನ್ನಿಂದ ಹೋಗಕ್ಕಾಗ್ಲಿಲ್ಲ ಅಂತ ಮುಖ ಇಟ್ಕೊಂಡು ಓಡಾಡ್ತಾರೆ. ಆ ಮುಖಾನ ನೋಡ್ಕೊಂಡಿರೋಳು ನಾನು, ನೀನಲ್ಲ.”

“ಯೂ ಟೂ ಆರ್ ಇಂಪಾಸಿಬಲ್,” ಎಂದು ಮಗಳು ಫೋನಿಟ್ಟಳು.

ಗಂಡ ಸೋಲಬೇಕು, ಅದೂ ತಾನಾಗಿ ಸೋಲಬೇಕು. ಅದರಲ್ಲಿ ಅವಳ ಕೈ ಕಾಣಬಾರದು. ಕೈಯಿಂದಲೇ ಆಗುವ ಕೆಲಸದಲ್ಲಿ ಕೈ ಕಾಣದಂತೆ ಮಾಡುವುದು ಹೇಗೆಂದು ಸುಭದ್ರೆ ಎರಡು ದಿನ ಪಾತ್ರೆ ತೊಳೆಯುತ್ತ ಯೋಚಿಸಿದಳು. ಮೂರನೆಯ ದಿನ ಗ್ಯಾರೇಜಿನಿಂದ ಗಂಡನ ದನಿ ಬಂತು: “ಸುಭದ್ರಾ, ಇದರ ಬತ್ತಿ ಮುಗೀತು ನೋಡು!” ಆಯುಧ ತಾನಾಗಿಯೇ ಮಡಿಲಿಗೆ ಬಂದು ಬಿತ್ತು.

ರಮಾಕಾಂತ ಶ್ವಾಸಕೋಶದ ಡಾಕ್ಟರು. ದಿನವಿಡೀ ಬೇರೆಯವರಿಗೆ ಬಿಡಿಸುವ ಚಟವನ್ನು ತಾನು ಕಾರಿನ ಪಕ್ಕ ನಿಂತು ಸಾಕಿಕೊಂಡಿದ್ದ. ಪರ್ತ್‌ನಲ್ಲಿ ಸಿಗರೇಟು ಬಿಡಲು ಹಿಡಿದ ವೇಪು ಅದು, ಬ್ಯಾಟರಿಯಲ್ಲಿ ಹೊಗೆಯಾಡುವ ಬೆರಳುದ್ದದ ಹಳೇ ಯಂತ್ರ. ಬತ್ತಿಯನ್ನು ಕೈಯಿಂದಲೇ ಕೂಡಿಸುವಂಥದ್ದು. ಒಳಗೆ ಸಣ್ಣ ತಂತಿಯ ಸುರುಳಿ; ಕಾಯಿಲ್ ಎನ್ನುತ್ತಾರೆ. ಆ ಸುರುಳಿಯ ಹೊಟ್ಟೆಯಲ್ಲಿ ಹತ್ತಿ ತೂರಿಸಿ, ಎರಡೂ ಬಾಲವನ್ನು ದ್ರವದಲ್ಲಿ ಇಳಿಬಿಡಬೇಕು. ತಂತಿ ಕಾದಾಗ ಹತ್ತಿ ಹೀರಿದ ದ್ರವ ಹೊಗೆಯಾಗುತ್ತದೆ. ಎದೆಗೂಡು ಸೀಳಿ ಹೊಲಿಯಬಲ್ಲವರನ್ನು ದಿನಾ ನೋಡುವ ರಮಾಕಾಂತನಿಗೆ ಈ ಒಂದು ಚೂರು ಹತ್ತಿ ಬಗ್ಗುತ್ತಿರಲಿಲ್ಲ. ಸಡಿಲವಾದರೆ ಸೋರಿ ಅಂಗಿ ಅಂಟು, ಬಿಗಿಯಾದರೆ ಗಂಟಲು ಸುಡುವ ಕಮಟು. ಒಂದು ದಿನ ನೋಡಲಾರದೆ ಸುಭದ್ರೆ “ಇಲ್ಲಿ ಕೊಡಿ” ಎಂದಿದ್ದಳು. ಅಂದಿನಿಂದ ಅದೂ ಅವಳದೇ ಮನೆಗೆಲಸ.

ದೇವರ ದೀಪಕ್ಕೆ ಬತ್ತಿ ಹೊಸೆದ ಕೈಗೆ ಅದರಲ್ಲಿ ಹೊಸದೇನೂ ಇರಲಿಲ್ಲ. ಬಿಗಿದು ಹೊಸೆದ ಬತ್ತಿ ಎಣ್ಣೆ ಎಳೆಯುವುದಿಲ್ಲ, ತನ್ನ ತಲೆಯನ್ನೇ ಸುಟ್ಟುಕೊಳ್ಳುತ್ತದೆ. ಇಲ್ಲೂ ಅಷ್ಟೇ. ಹತ್ತಿ ಸುರುಳಿಯೊಳಗೆ ಎಳೆದರೆ ಸರಿಯಬೇಕು, ಆದರೆ ತಂತಿಯನ್ನು ಕದಲಿಸಬಾರದು. ಬಾಲ ಉದ್ದವಾದರೆ ಮಡಿಕೆ ಬಿದ್ದು ದ್ರವದ ದಾರಿ ಕಟ್ಟುತ್ತದೆ, ಗಿಡ್ಡವಾದರೆ ತಳ ಮುಟ್ಟುವುದಿಲ್ಲ. ಹೊಸ ಬತ್ತಿಗೆ ದ್ರವ ಹನಿಸಿ ಐದು ನಿಮಿಷ ನೆನೆಯಲು ಬಿಡದೆ ಗುಂಡಿ ಒತ್ತಿದವನಿಗೆ ಸುಟ್ಟ ಹತ್ತಿಯ ರುಚಿಯೇ ಗತಿ. ಉಸಿರಾಡಲೂ ಬಿಡುವು ಕೊಡದೆ ಒಂದರ ಮೇಲೊಂದು ದಮ್ಮು ಎಳೆದರೂ ಅಷ್ಟೇ, ಬತ್ತಿ ಹೀರುವುದಕ್ಕಿಂತ ಬೇಗ ಒಣಗುತ್ತದೆ. ಇದನ್ನೆಲ್ಲ ಅವಳು ಸರಿಪಡಿಸಲೆಂದು ಕಲಿತಿದ್ದಳು. ಸರಿಪಡಿಸಲು ಬಂದವರಿಗೆ ಕೆಡಿಸಲು ಬೇರೆ ಪಾಠ ಬೇಕಿಲ್ಲ.

ದಿಗಿಲಾದಾಗ ರಮಾಕಾಂತ ಐದು ದಮ್ಮು ಎಳೆಯುತ್ತಿದ್ದ. ನಾಲ್ಕಲ್ಲ, ಆರಲ್ಲ. ಪ್ರತಿ ಭಾಷಣ, ಪ್ರತಿ ಸಂದರ್ಶನದ ಮುಂಚೆ ಅವನು ಗ್ಯಾರೇಜಿನಲ್ಲಿ ನಿಂತು ಐದು ಎಣಿಸಿ, ಬಾಯಿಗೊಂದು ಏಲಕ್ಕಿ ಹಾಕಿಕೊಂಡು ಒಳಬರುವುದು ಅವಳಿಗೆ ಬಾಯಿಪಾಠ. ಹಾಗಾದರೆ ಮೊದಲ ದಮ್ಮು ಕೆಡಬಾರದು. ಕೆಟ್ಟರೆ ಬಿಸಾಡಿ ಒಳಗೆ ಹೋಗುತ್ತಾನೆ. ಮೂರರವರೆಗೆ ನಂಬಿಕೆ ಹುಟ್ಟಬೇಕು. ಐದನೆಯದು ಎದೆಗಿಳಿಯಬೇಕು.

ಭಾನುವಾರ ಅವಳು ಪರೀಕ್ಷೆ ಮಾಡಿದಳು. ಹತ್ತಿಯ ನಡುಭಾಗವನ್ನು ಮಾತ್ರ ಬೆರಳಲ್ಲಿ ಹೊಸೆದು ದಾರದಂತೆ ಬಿಗಿಮಾಡಿ ಸುರುಳಿಗೆ ತುರುಕಿದಳು. ಬಾಲ ಎರಡನ್ನೂ ಹೂವಿನಂತೆ ಬಿಡಿಸಿ ಒದ್ದೆ ಮಾಡಿದಳು. ಮೇಲಿಂದ ನೋಡಿದವರಿಗೆ ಅದಕ್ಕಿಂತ ಚೆಂದದ ಬತ್ತಿ ಇಲ್ಲ. ಸುರುಳಿಯ ಮೇಲೆ ಹನಿಸಿದ ದ್ರವ ಮೂರು ದಮ್ಮಿಗೆ ಸಾಕು. ಆಮೇಲೆ ತಳದಿಂದ ಏನೂ ಏರದು. ತೋಟದಲ್ಲಿ ಬಟ್ಟೆ ಒಣಹಾಕುತ್ತ ಎಣಿಸಿದಳು. ನಾಲ್ಕಕ್ಕೆ ಅವನು ಮುಖ ಸಿಂಡರಿಸಿದ. ಐದಕ್ಕೆ ಕೆಮ್ಮು ಕಿತ್ತುಕೊಂಡು ಬಂತು.

“ಏನೇ ಇದು, ಟೈರ್ ಸುಟ್ಟಂಗಿದೆ!”

“ಹತ್ತಿ ಹಳೇದೇನೋ ರೀ. ಬೇರೆ ಹಾಕ್ಕೊಡ್ತೀನಿ.”

“ಹಾಕಮ್ಮ, ಹಾಕು. ನೀನಿಲ್ದಿದ್ರೆ ನನ್ನ ಗತಿ ಏನು.”

ದನಿ ಸರಿಹೋಗಲು ಹದಿನೆಂಟು ನಿಮಿಷ ಹಿಡಿಯಿತು. ಸಂದರ್ಶನ ಅರ್ಧ ಗಂಟೆಯದು. ಇಂಥದ್ದಕ್ಕೆ ಯಾರ ಮೇಲೂ ಅನುಮಾನ ಬರುವುದಿಲ್ಲ; ಬತ್ತಿ ಸುಡುವುದು ಲೋಕಾರೂಢಿ. ತಪ್ಪಾಯಿತೆಂದು ಅವನು ಹೊರಗೆ ಹೇಳಿಕೊಳ್ಳುವಂತೆಯೂ ಇಲ್ಲ. ಶ್ವಾಸಕೋಶದ ಡಾಕ್ಟರು ಯಾರ ಹತ್ತಿರ ದೂರು ಕೊಟ್ಟಾನು? ಎಲ್ಲೂ ಬಿರುಕಿರಲಿಲ್ಲ. ಸುಭದ್ರೆಗೆ ಅದರಿಂದ ಹೆಮ್ಮೆಯೇನೂ ಆಗಲಿಲ್ಲ. ದೊಡ್ಡ ಪಾತ್ರೆಯೊಂದನ್ನು ಉಜ್ಜಿ ಮುಗಿಸಿ ಬೋರಲು ಹಾಕಿದಷ್ಟೇ ಸಮಾಧಾನ.

ಗುರುವಾರ ಬೆಳಿಗ್ಗೆ ಎಂಟು ಇಪ್ಪತ್ತೈದಕ್ಕೆ ರಮಾಕಾಂತ ಮೇಲೆ ಕೋಟು, ಕೆಳಗೆ ಪಂಚೆ ಉಟ್ಟು ಅಡುಗೆಮನೆಗೆ ಬಂದ. ವಿಡಿಯೋದಲ್ಲಿ ಪಂಚೆ ಕಾಣುವುದಿಲ್ಲವಲ್ಲ.

“ಬತ್ತಿ ಹಾಕಿದ್ಯಾ?”

“ಹಾಕಿದೀನಿ. ನೆಂದಿದೆ.”

ಅವನು ಹೋಗಿದ್ದರೆ ಮುಗಿಯುತ್ತಿತ್ತು. ಬಾಗಿಲಲ್ಲಿ ಒಂದು ಗಳಿಗೆ ನಿಂತು, ಏನೋ ಹೇಳಹೊರಟು, ತಾಯಿಯ ಮಾತು ನೆನಪಾದವನಂತೆ ತುಟಿ ಮುಚ್ಚಿಕೊಂಡ. “ಆಮೇಲೆ ಹೇಳ್ತೀನಿ,” ಎಂದು ಗ್ಯಾರೇಜಿಗೆ ಇಳಿದ. ಸುಭದ್ರೆ ನಲ್ಲಿ ತಿರುಗಿಸಿ ಚೊಂಬು ತುಂಬಿಸತೊಡಗಿದಳು. ಕೂಗಿ ನಿಲ್ಲಿಸಲು ಇನ್ನೂ ಸಮಯವಿತ್ತು. ಒಂದು. ಎರಡು. ಆ ಹುಡುಗನ ಬೂಟು ಕಣ್ಣಿಗೆ ಬಂತು. ಮೂರು, ನಾಲ್ಕು. ಚೊಂಬು ತುಂಬಿ ಉಕ್ಕಿತು. ಐದಕ್ಕೆ ಗ್ಯಾರೇಜಿನ ತಗಡು ನಡುಗುವಂತೆ ಕೆಮ್ಮು.

ಕೋಣೆಯ ಬಾಗಿಲಾಚೆಯಿಂದ ಅವಳಿಗೆ ಮಾತು ಕೇಳಲಿಲ್ಲ. ಕೆಮ್ಮು, ನೀರಿನ ಗುಟುಕು, “ಸಾರಿ”, ಮತ್ತೆ ಕೆಮ್ಮು. ಹೊರಗೆ ಬಂದವನ ಕಣ್ಣು ಕೆಂಪಗಿದ್ದವು. ಅವಳು ಮೆಣಸಿನ ಕಷಾಯ ಕೊಟ್ಟಳು. ಅವನು ಲೋಟ ಹಿಡಿದು ಲ್ಯಾಪ್‌ಟಾಪಿನ ಮುಂದೆ ಕೂತ. ಹತ್ತಕ್ಕೆ ಅವಳು ಕೆಲಸಕ್ಕೆ ಹೋದಳು, ಬೂಟು ಬಿಚ್ಚಿಸಿದಳು, ಹಾಡು ಹೇಳಿಸಿದಳು. ನಾಲ್ಕಕ್ಕೆ ಮರಳಿದಾಗ ಅವನು ಅಲ್ಲೇ, ಅದೇ ಪಂಚೆಯಲ್ಲಿದ್ದ. ದನಿ ಮಾತ್ರ ಮರಳಿತ್ತು.

“ಮಧ್ಯಾಹ್ನ ಫೋನ್ ಬಂದಿತ್ತು ಕಣೇ. ಬೇರೆಯೋರನ್ನ ತಗೊಂಡ್ರಂತೆ.”

ಈ ಮಾತಿಗೆ ಕೊಡಬೇಕಾದ ಉತ್ತರವನ್ನು ಸುಭದ್ರೆ ಭಾನುವಾರವೇ ಸಿದ್ಧ ಮಾಡಿಟ್ಟಿದ್ದಳು. “ಹೋಗ್ಲಿ ಬಿಡ್ರೀ. ಪರ್ತ್‌ನೋರಿಗೆ ಅದೃಷ್ಟ ಇಲ್ಲ ಅಷ್ಟೆ.”

“ಪರ್ತ್‌ನೋರಾ?” ರಮಾಕಾಂತ ತಲೆಯೆತ್ತಿದ. “ಓ, ಮೌಳಿ ಬಾಯಿ ಬಿಟ್ನಾ? ಅಲ್ವೇ, ಒಂಬತ್ತು ವರ್ಷ ಆ ಊರಲ್ಲಿದ್ದೋಳು ನೀನು. ಇಲ್ಲಿ ಎಂಟೂವರೆ ಅಂದ್ರೆ ಅಲ್ಲಿ ಬೆಳಿಗ್ಗೆ ಆರೂವರೆ. ಆ ಹೊತ್ತಲ್ಲಿ ಯಾರೇ ಇಂಟರ್‌ವ್ಯೂ ಮಾಡ್ತಾರೆ, ಪೇಪರ್ ಹಾಕೋನಾ?” ನಗಲು ಹೋಗಿ ಕೆಮ್ಮಿದ. ವಿಡಿಯೋದಲ್ಲಿ ನಡೆದರೂ ಇವತ್ತಿನದು ಇಲ್ಲಿಯದೇ ಆಸ್ಪತ್ರೆಯದು, ಖಾಯಂ ಹುದ್ದೆಗೆ. ಈ ಸಲ ಕರಾರು ಹೊಸದು ಮಾಡುವುದಿಲ್ಲ ಎಂದು ಅವರು ಆಗಲೇ ತಿಳಿಸಿದ್ದರು. ಪರ್ತ್‌ನವರು ಸಂದರ್ಶನವೇ ಇಲ್ಲದೆ ಕೆಲಸ ಕೊಟ್ಟು ಮೂರು ವಾರವಾಗಿತ್ತು. ಒಪ್ಪಿಗೆಯ ಪತ್ರ ಬರೆದಿಟ್ಟು, ಇವತ್ತು ನಾಳೆ ಎಂದು ಅವರನ್ನು ಕಾಯಿಸಿದ್ದ. “ನಿನಗೆ ಇಲ್ಲಿ ಮಕ್ಕಳು ಹೊಂದ್ಕೊಂಡಿದಾರಲ್ಲ, ಆದಷ್ಟೂ ಇಲ್ಲೇ ಇರೋಣ ಅಂತಿತ್ತು. ಆಗ್ಲಿಲ್ಲ.” ಅವನು ಪರದೆಯನ್ನು ಅವಳ ಕಡೆ ತಿರುಗಿಸಿದ. ಪರ್ತ್‌ಗೆ ಒಪ್ಪಿಗೆ ಕಳಿಸಲು ಐದಕ್ಕೆ ಗಡುವಂತೆ. “ನೀನೇ ಒತ್ತು. ನಿನ್ನ ಕೈಗುಣ ಒಳ್ಳೇದು.” ಸುಭದ್ರೆ ಎದೆಯ ಮೇಲಿನ ಹೆಸರಿನ ಪಟ್ಟಿಯನ್ನು ಇನ್ನೂ ತೆಗೆದಿರಲಿಲ್ಲ. “ನಿಮಗೆ ಸರಿ ಅನ್ಸಿದ್ರೆ ಸರಿ,” ಎಂದು ಬೆರಳು ಚಾಚಿದಳು. ಪತ್ರ ಹೋಯಿತು.