ಕೊಕ್ಕರೆ ಬರುವ ಮುನ್ನ

ಮೀಟರಿನ ಮುಳ್ಳು ಕದಲಲೇ ಇಲ್ಲ. ಒಂದಲ್ಲ, ಎರಡಲ್ಲ — ಬಿಲ್ಯಾನಾ ಈ ವಾರ ಮಾಡಿದ ಹನ್ನೆರಡು ಗಾಜಿನ ತುಂಡುಗಳೂ ಸತ್ತಂತೆ ಬಿದ್ದಿದ್ದವು.

ಫೆಬ್ರವರಿಯಲ್ಲಿ ಮಾಡಿದವು ಸರಾಗವಾಗಿ ವಿದ್ಯುತ್ ಹರಿಸಿದ್ದವು. ಸತುವಿನ ಆಕ್ಸೈಡಿಗೆ ಚಿಟಿಕೆಯಷ್ಟು ಅಲ್ಯೂಮಿನಿಯಂ ಬೆರೆಸಿ, ಗಾಜಿನ ಮೇಲೆ ಕಣ್ಣಿಗೂ ಕಾಣದಷ್ಟು ತೆಳುವಾದ ಪದರ. ಮೂರು ವರ್ಷದ ದುಡಿಮೆ.

ಪ್ರೊಫೆಸರ್ ತಾಶೇವ್ ಒಂದು ಕಾಗದವನ್ನು ಅವಳ ಮುಂದೆ ಸರಿಸಿದರು. "ಫೆಬ್ರವರಿಯ ಅಂಕಿಅಂಶ ಸುಳ್ಳು ಅಂತ ಸಹಿ ಹಾಕಮ್ಮ. ಗಲಾಟೆ ಇಲ್ಲದೆ ಮುಗಿಯುತ್ತೆ."

"ಹಾಕಲ್ಲ ಸರ್."

ಅದು ತನ್ನದೇ ದನಿಯೇ? ಸೋಫಿಯಾ ನಗರದ ಆ ಪ್ರಯೋಗಾಲಯದಲ್ಲಿ ಅವಳು ಎದುರು ಮಾತಾಡಿದ್ದನ್ನು ಕೇಳಿದವರೇ ಇಲ್ಲ.

"ಇಲಿಮರಿಗೂ ಹಲ್ಲು ಬಂತು ನೋಡಿ ಸರ್!" ಸ್ಪಾಸ್ ನಕ್ಕ. ಅವಳಿಗಿಂತ ಹಿರಿಯ ಸಂಶೋಧಕ. ಖಾಲಿಯಿದ್ದ ಒಂದೇ ಹುದ್ದೆಗೆ ಇಬ್ಬರೂ ಅರ್ಜಿ ಹಾಕಿದ್ದರು. "ಅಲ್ಯೂಮಿನಿಯಂ ಹಾಕೋದನ್ನೇ ಮರೆತಿದ್ದಾಳೆ, ಅಷ್ಟೇ."

"ಮರೆತಿದ್ರೆ ಬರೀ ಸತುವಿನ ಪದರ ಆಗ್ತಿತ್ತು ಅಣ್ಣ. ಅದೂ ಸ್ವಲ್ಪ ಹರಿಸುತ್ತೆ. ಇದು ಅದಕ್ಕಿಂತ ಮೊಂಡು. ಏನೂ ಬಿಟ್ಟುಹೋಗಿಲ್ಲ — ಏನೋ ಸೇರಿಕೊಂಡಿದೆ."

"ಏನು?" ತಾಶೇವ್ ಕೇಳಿದರು.

ಗಾಜಿಗೆ ಪದರ ಬಳಿದು ಬಾಟಲಿಯಲ್ಲಿ ಉಳಿದಿದ್ದ ದ್ರಾವಣದಲ್ಲಿ ಬಿಲ್ಯಾನಾ ತಂತಿ ಅದ್ದಿ ಉರಿಗೆ ಹಿಡಿದಳು. ಜ್ವಾಲೆ ಕಡುಗೆಂಪಾಯಿತು.

"ಲೀಥಿಯಂ. ಅಲ್ಯೂಮಿನಿಯಂ ಕೊಟ್ಟ ಎಲೆಕ್ಟ್ರಾನನ್ನ ಇದು ಕಿತ್ಕೊಳ್ಳುತ್ತೆ. ದ್ರಾವಣಕ್ಕೆ ಹಾಕಿದ್ರೆ ಬಣ್ಣವೂ ಬದಲಾಗಲ್ಲ."

"ನೀನೇ ಕೈತಪ್ಪಿ ಹಾಕಿರ್ತೀಯ," ಎಂದ ಸ್ಪಾಸ್. "ನಾನಂತೂ ಲೀಥಿಯಂ ಮುಟ್ಟಿ ಎರಡು ತಿಂಗಳಾಯ್ತು."

"ಖಂಡಿತಾನಾ?"

"ಖಂಡಿತ!"

"ಹಾಗಾದ್ರೆ ಕೈ ಕೊಡಿ. ಸರ್, ನೀವೂ."

ಮೂವರ ಮಣಿಕಟ್ಟಿನಲ್ಲೂ ಕೆಂಪು-ಬಿಳಿ ಉಣ್ಣೆಯ ದಾರ. ಮಾರ್ಚ್ ಒಂದರಂದು ಎಲ್ಲರಿಗೂ ಬಿಲ್ಯಾನಾಳೇ ಕಟ್ಟಿದ್ದಳು. ವಸಂತದ ಶುಭಕ್ಕೆಂದು ಅಲ್ಲಿ ಎಲ್ಲರೂ ಕಟ್ಟಿಕೊಳ್ಳುವ ದಾರ; ಮೊದಲ ಕೊಕ್ಕರೆ ಕಣ್ಣಿಗೆ ಬೀಳುವವರೆಗೆ ಬಿಚ್ಚುವಂತಿಲ್ಲ. ಈ ವರ್ಷ ಕೊಕ್ಕರೆ ಇನ್ನೂ ಬಂದಿರಲಿಲ್ಲ.

ಮೂರೂ ದಾರಗಳ ತುದಿ ಕತ್ತರಿಸಿ, ಬೇರೆ ಬೇರೆ ಹನಿ ನೀರಿನಲ್ಲಿ ನೆನೆಸಿ, ಒಂದೊಂದು ಹನಿಗೂ ಹೊಸ ತಂತಿ ಅದ್ದಿ ಉರಿಗೆ ಹಿಡಿದಳು. ಅವಳದು — ಹಳದಿ ಉರಿ, ಬೆವರಿನ ಉಪ್ಪು. ತಾಶೇವರದು — ಹಳದಿ. ಸ್ಪಾಸನದು?

ಹಳದಿಯನ್ನು ಸೀಳಿಕೊಂಡು ಕಡುಗೆಂಪು ಎದ್ದಿತು.

ಸ್ಪಾಸ್ ತೋಳಂಗಿಯನ್ನು ಕೆಳಗೆಳೆದುಕೊಂಡ.

"ಕೈಗವಸು ಎಸೆದ್ರಿ, ಕೈ ತೊಳೆದ್ರಿ. ಇದನ್ನ ಮಾತ್ರ ಬಿಚ್ಚಲಿಲ್ಲ," ಎಂದಳು ಬಿಲ್ಯಾನಾ. "ನಾನು ಈ ದಾರ ಕಟ್ಟಿ ಹದಿನೆಂಟೇ ದಿನ. ಎರಡು ತಿಂಗಳ ಹಿಂದಿನ ಲೀಥಿಯಂ ಇದಕ್ಕೆ ಹೇಗೆ ಅಂಟಿತು? ನನ್ನ ಬಾಟಲಿಗೆ ಅದನ್ನ ಸುರಿದದ್ದು ನೀವೇ, ಸ್ಪಾಸ್ ಅಣ್ಣ."

"ಕೊಕ್ಕರೆ ಬರೋಕ್ಮುಂಚೆ ಅದನ್ನ ಯಾರು ಬಿಚ್ತಾರೆ..." ಸ್ಪಾಸ್ ಗೊಣಗಿದ. ಆಮೇಲೆ ತಾನು ಹೇಳಿದ್ದೇನೆಂದು ಹೊಳೆದು ಬಾಯಿ ಮುಚ್ಚಿದ.

ತಾಶೇವ್ ಕಾಗದವನ್ನು ಹಿಂತೆಗೆಯಲು ಕೈ ಚಾಚಿದರು. ಬಿಲ್ಯಾನಾ ಬಿಡಲಿಲ್ಲ. ಅದನ್ನು ಮಗುಚಿ, ಸ್ಪಾಸನ ಮುಂದಿಟ್ಟು, ಮೇಲೊಂದು ಪೆನ್ನಿಟ್ಟಳು.

"ಹಿಂಬದಿ ಖಾಲಿ ಇದೆ. ಬರೀರಿ."